ಹಿಪ್ ಕಾರ್ಟಿಲೇಜ್ ಆಪರೇಷನ್: ಹೋಗೋ ಮುಂಚೆ ಏನು ಕೇಳ್ಬೇಕು, ಬಂದ್ಮೇಲೆ ಮನೇಲಿ ಹೇಗಿರಬೇಕು

ಮೊದಲ್ನೇದಾಗಿ ಡಾಕ್ಟರ್ ಹತ್ರ ಹೋಗಿ ಬರೀ "ಸೊಂಟ ನೋವು" ಅಂತ ಹೇಳ್ಬೇಡಿ. ನಮ್ಮಲ್ಲಿ ಬೆನ್ನಿನ ಕೆಳಗಡೆ ನೋವಾದ್ರೂ ಸೊಂಟ ನೋವೇ, ತೊಡೆ ಬಂದು ಸೇರೋ ಕೀಲು ನೋವಾದ್ರೂ ಸೊಂಟ ನೋವೇ. ನಾನು ಹಂಗೇ ಹೇಳಿ ಎಂಟು ತಿಂಗಳು ಕಳ್ಕೊಂಡೆ, ಬೆನ್ನಿನ ಎಂಆರ್‌ಐ ಆಯ್ತು, ಬೆಲ್ಟ್ ಆಯ್ತು, ಕರೆಂಟ್ ಶಾಖ ಆಯ್ತು, ನೋವು ಮಾತ್ರ ಇದ್ದಲ್ಲೇ ಇತ್ತು. ಹಿಪ್ ಜಾಯಿಂಟಿಂದು ಆದ್ರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಇರತ್ತೆ, ಕಾರಿಂದ ಇಳಿಯುವಾಗ, ಚಕ್ಕಳಮಕ್ಕಳ ಹಾಕಿ ಕೂತು ಏಳುವಾಗ, ಸಾಕ್ಸ್ ಹಾಕ್ಕೊಳ್ಳುವಾಗ ಚುಳುಕ್ ಅನ್ನತ್ತೆ. ಎಲ್ಲಿ ನೋವು ತೋರ್ಸಿ ಅಂದ್ರೆ ಬಹಳ ಜನ ಹೆಬ್ಬೆರಳು ಹಿಂದೆ, ಮಿಕ್ಕಿದ ಬೆರಳು ಮುಂದೆ ಇಟ್ಟು ಸೊಂಟದ ಪಕ್ಕವನ್ನೇ ಹಿಡ್ಕೊಂಡು ತೋರಿಸ್ತಾರೆ, ಕೈ ಸಿ ಅಕ್ಷರದ ಥರ ಆಗತ್ತೆ, ಅದಕ್ಕೆ ಡಾಕ್ಟರ್‌ಗಳು ಸಿ ಸೈನ್ ಅಂತಾನೇ ಹೆಸರಿಟ್ಟಿದಾರೆ.

ಒಳಗೆ ಏನಿದೆ ಅಂದ್ರೆ, ಒರಳು ಗುಂಡು ನೆನಪಿಸ್ಕೊಳ್ಳಿ. ತೊಡೆ ಮೂಳೆಯ ತಲೆ ಗುಂಡು, ಅದು ಕೂರೋ ಬಟ್ಟಲು ಒರಳು. ಎರಡರ ಮೇಲೂ ನುಣ್ಣಗೆ ಜಾರೋ ಕಾರ್ಟಿಲೇಜ್ ಪದರ ಇರತ್ತೆ, ಒರಳಿನ ಅಂಚಿಗೆ ಸುತ್ತಲೂ ಕುಕ್ಕರ್ ಗ್ಯಾಸ್ಕೆಟ್ ಥರ ಲ್ಯಾಬ್ರಮ್ ಅಂತ ಒಂದು ರಿಂಗ್ ಇರತ್ತೆ. ಗ್ಯಾಸ್ಕೆಟ್ ಹರಿದ್ರೆ ಸಾಮಾನ್ಯವಾಗಿ ಹೊಲೀಬಹುದು. ಆದ್ರೆ ಒಳಗಿನ ನುಣುಪು ಪದರವೇ ಕಿತ್ತು ಹೋದ್ರೆ ಕಥೆ ಬೇರೆ, ಅದಕ್ಕೆ ರಕ್ತನಾಳ ಇಲ್ಲ, ಹಾಗಾಗಿ ಗಾಯ ತಾನಾಗೇ ಮಾಯಲ್ಲ, ಹಾಗೆ ಮಾಯಲ್ಲ ಅನ್ನೋದನ್ನ ಲಂಡನ್ನಿನ ವಿಲಿಯಂ ಹಂಟರ್ ಅನ್ನೋ ಡಾಕ್ಟರ್ 1743ರಲ್ಲೇ ಬರ್ದಿಟ್ಟಿದ್ರು. ಆದ್ರಿಂದ ಮೊದಲನೇ ಪ್ರಶ್ನೆ: ನನ್ನದು ಲ್ಯಾಬ್ರಮ್ಮಾ, ಕಾರ್ಟಿಲೇಜಾ, ಎರಡೂನಾ?

ಎರಡನೇ ಪ್ರಶ್ನೆ, ಯಾಕೆ ಹರೀತು? ಬಹಳಷ್ಟು ಸಲ ಗುಂಡಿನ ಕುತ್ತಿಗೆ ಹತ್ರ ಮೂಳೆ ಉಬ್ಬಿರತ್ತೆ, ಇಲ್ಲಾ ಒರಳಿನ ಅಂಚು ಜಾಸ್ತಿ ಚಾಚಿರತ್ತೆ, ಕಾಲು ಮಡಚಿದಾಗೆಲ್ಲ ಒಂದಕ್ಕೊಂದು ತಾಗಿ ಗ್ಯಾಸ್ಕೆಟ್ಟನ್ನ ಕಚ್ತಿರತ್ತೆ. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ರೈನ್‌ಹೋಲ್ಡ್ ಗಾಂಜ್ ಅನ್ನೋ ಸರ್ಜನ್ ಮತ್ತವರ ತಂಡ 2003ರಲ್ಲಿ ಇದನ್ನ ವಿವರವಾಗಿ ಬರೆದ್ಮೇಲೇನೇ ಎಲ್ಲರ ಗಮನ ಇತ್ತ ತಿರುಗಿದ್ದು. ಆ ಉಬ್ಬು ಕೆತ್ತದೆ ಬರೀ ಹೊಲಿಗೆ ಹಾಕಿದ್ರೆ ಮತ್ತೆ ಹರಿಯೋ ಚಾನ್ಸ್ ಇರತ್ತೆ, ಅದ್ಕೆ ಮೂಳೆ ಕೆತ್ತೋದೂ ಪ್ಲಾನಲ್ಲಿ ಇದೆಯಾ ಅಂತ ಬಾಯ್ಬಿಟ್ಟು ಕೇಳಿ. ಒರಳು ತೀರಾ ಆಳ ಇಲ್ಲದೆ ಹುಟ್ಟಿರೋರಿಗೆ ಸಣ್ಣ ತೂತಲ್ಲಿ ಮಾಡೋ ಈ ಕೀಹೋಲ್ ಆಪರೇಷನ್ ಒಂದ್ರಿಂದಲೇ ಸರಿ ಹೋಗಲ್ಲ, ಅದು ಬೇರೇನೇ ದೊಡ್ಡ ಆಪರೇಷನ್.

ಮೂರನೇದು, ಎಕ್ಸ್‌ರೇನಲ್ಲಿ ಎರಡು ಮೂಳೆ ನಡುವಿನ ಗ್ಯಾಪ್ ಎಷ್ಟಿದೆ? 2 ಮಿಲಿಮೀಟರ್‌ಗಿಂತ ಕಮ್ಮಿ ಆಗಿದ್ರೆ ರಿಪೇರಿಯಿಂದ ಲಾಭ ಕಮ್ಮಿ, ಆಗ ಮಾತು ಕೀಲನ್ನೇ ಬದಲಾಯಿಸೋ ರೀಪ್ಲೇಸ್‌ಮೆಂಟ್ ಕಡೆ ಹೋಗತ್ತೆ. ಗ್ಯಾಪ್ ಚೆನ್ನಾಗಿದ್ರೂ ಮೊದ್ಲು ಮೂರು ತಿಂಗಳು ಸರಿಯಾಗಿ ಫಿಸಿಯೋ ಮಾಡಿ ನೋಡಿ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 348 ಜನರ ಮೇಲೆ ಮಾಡಿದ ಒಂದು ಸ್ಟಡಿ 2018ರಲ್ಲಿ ಬಂತು, ಅದ್ರಲ್ಲಿ ಆಪರೇಷನ್ ಆದವರಿಗೆ ಹೆಚ್ಚು ಗುಣ ಕಂಡಿತ್ತು ನಿಜ, ಆದ್ರೆ ಬರೀ ಫಿಸಿಯೋ ಮಾಡಿದವರೂ ಸುಧಾರಿಸಿದ್ರು.

ಆಪರೇಷನ್ ದಿನ ನಿಮ್ಮ ಕೆಲಸ ಏನೂ ಇಲ್ಲ, ಮಲ್ಕೊಂಡಿರೋದು ಅಷ್ಟೇ. ಕಾಲನ್ನ ಬೂಟಲ್ಲಿ ಕಟ್ಟಿ ಎಳೆದು ಕೀಲಲ್ಲಿ ಸುಮಾರು ಒಂದು ಸೆಂಟಿಮೀಟರ್ ಜಾಗ ಮಾಡ್ತಾರೆ, ಎರಡು ಮೂರು ತೂತಲ್ಲಿ ಕ್ಯಾಮರಾ, ಸಲಕರಣೆ ಹೋಗತ್ತೆ, ಮೂಳೆಗೆ ಮೊಳೆ ಥರದ ಪುಟ್ಟ ಆಂಕರ್ ಕೂರಿಸಿ ಅದರ ದಾರದಿಂದ ಲ್ಯಾಬ್ರಮ್ ಹೊಲೀತಾರೆ. ಕಾರ್ಟಿಲೇಜ್ ಕಿತ್ತಿರೋ ಜಾಗ ಚಿಕ್ಕದಾಗಿದ್ರೆ ಮೈಕ್ರೋಫ್ರಾಕ್ಚರ್ ಅಂತ ಮಾಡ್ತಾರೆ, ಮೂಳೆಗೆ ಸಣ್ಣ ಸಣ್ಣ ತೂತು ಹೊಡೆದು ರಕ್ತ ಬರಿಸಿ ಅದು ಹೆಪ್ಪುಗಟ್ಟಿ ಹೊಸ ಪದರ ಬೆಳೆಯೋ ಹಾಗೆ. ಆದ್ರೆ ಹಾಗೆ ಬೆಳೆಯೋದು ಒರಿಜಿನಲ್ ಅಲ್ಲ, ತೇಪೆ. ಎದ್ದಾಗ ತೊಡೆ ಹೊರಭಾಗ ಅಥವಾ ಗುಪ್ತಾಂಗದ ಹತ್ರ ಜೋಮು ಹಿಡಿದಂಗೆ ಇದ್ರೆ ಗಾಬರಿ ಬೇಡ, ಕಾಲು ಎಳೆದಿದ್ದರಿಂದ, ತೂತು ಹಾಕಿದ್ದರಿಂದ ಹಂಗಾಗತ್ತೆ, ಸಾಮಾನ್ಯವಾಗಿ ಹೋಗತ್ತೆ, ಆದ್ರೂ ಡಾಕ್ಟರ್‌ಗೆ ಹೇಳಿ, ನಾಚ್ಕೋಬೇಡಿ.

ಇನ್ನು ಮನೆ ವಿಷಯ, ನಿಜವಾದ ಕಷ್ಟ ಇರೋದು ಇಲ್ಲೇ. ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ರೆ ಮುಂಚೇನೇ ಕಮೋಡ್ ಚೇರ್ ತಂದಿಡಿ, ಸ್ನಾನಕ್ಕೆ ಎತ್ತರದ ಸ್ಟೂಲ್, ಬಾತ್‌ರೂಂ ನೆಲಕ್ಕೆ ಜಾರದ ಮ್ಯಾಟ್. ಊರುಗೋಲಲ್ಲಿ ಮೆಟ್ಲು ಹತ್ತೋದನ್ನ ಆಪರೇಷನ್ ಮುಂಚೇನೇ ಕಲೀರಿ, ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬರೀ ಹೊಲಿಗೆ ಆದ್ರೆ ಊರುಗೋಲು ಎರಡರಿಂದ ನಾಲ್ಕು ವಾರ, ಮೈಕ್ರೋಫ್ರಾಕ್ಚರ್ ಆದ್ರೆ ಆರರಿಂದ ಎಂಟು ವಾರ, ಈ ಲೆಕ್ಕ ನಿಮ್ಮ ಸರ್ಜನ್ ಹೇಳಿದ್ದೇ ಫೈನಲ್.

ಆಪರೇಷನ್ ಆದ್ಮೇಲೆ ನಂಗೆ ಆ ಕಾಲಿನ ಮೇಲೆ ಹತ್ತು ಕೆಜಿ ಭಾರ ಮಾತ್ರ ಹಾಕಿ ಅಂದಿದ್ರು. ಹತ್ತು ಕೆಜಿ ಅಂದ್ರೆ ಕಾಲಿಗೆ ಹೆಂಗೆ ಗೊತ್ತಾಗತ್ತೆ? ತೂಕ ನೋಡೋ ಮೆಷಿನ್ ನೆಲದ ಮೇಲಿಟ್ಟು, ಅಷ್ಟೇ ಎತ್ತರಕ್ಕೆ ಪಕ್ಕದಲ್ಲಿ ಪುಸ್ತಕ ಜೋಡಿಸಿ ಅದರ ಮೇಲೆ ಒಳ್ಳೇ ಕಾಲಿಟ್ಟು, ಊರುಗೋಲು ಹಿಡ್ಕೊಂಡು ನೋವಿನ ಕಾಲನ್ನ ಮೆಷಿನ್ ಮೇಲೆ ಮೆಲ್ಲಗೆ ಒತ್ತಿದೆ, ಮುಳ್ಳು ಹತ್ತಕ್ಕೆ ಬರೋವರೆಗೂ. ಸಂಜೆ ಅಷ್ಟೊತ್ತಿಗೆ ಕಣ್ಮುಚ್ಚಿ ಒತ್ತಿದ್ರೂ ಒಂಬತ್ತು, ಹನ್ನೊಂದರ ಆಸುಪಾಸು ಬರ್ತಿತ್ತು. ಇನ್ನೊಂದು, ಕಾಲನ್ನ ಗಾಳೀಲಿ ಎತ್ತಿ ಹಿಡ್ಕೊಂಡು ಕುಂಟೋದು ಸೇಫ್ ಅಂತ ಅನ್ಸತ್ತೆ, ಅಲ್ಲ, ಎತ್ತಿ ಹಿಡಿಯೋ ಸ್ನಾಯುಗಳೇ ಕೀಲನ್ನ ಅದುಮ್ತವೆ, ಪಾದ ಪೂರ್ತಿ ನೆಲಕ್ಕಿಟ್ಟು ಹಗುರಾಗಿ ನಡೀರಿ. ಮಂಚದ ಮೇಲೆ ಕಾಲು ಎತ್ತಿಡೋಕೂ ಒಂದು ಟವೆಲನ್ನ ಪಾದಕ್ಕೆ ಕುಣಿಕೆ ಹಾಕಿ ಕೈಯಿಂದ ಎಳ್ಕೊಳ್ಳಿ.

ಲೋಡ್ ಇಲ್ಲದ ಎಕ್ಸರ್‌ಸೈಜ್ ಸೈಕಲ್ಲನ್ನ ಬಹಳ ಬೇಗ ಶುರು ಮಾಡಿಸ್ತಾರೆ, ಸೀಟು ಎತ್ತರಕ್ಕಿರಲಿ. ದಿನಾ ಸ್ವಲ್ಪ ಹೊತ್ತು ಬೋರಲು ಮಲಗಿ. ಬೇಡದ ಕಡೆ ಮೂಳೆ ಬೆಳೀದೆ ಇರಲಿ ಅಂತ ಕೆಲವರಿಗೆ ನ್ಯಾಪ್ರೋಕ್ಸೆನ್ ಥರದ ನೋವಿನ ಮಾತ್ರೆ ಕೊಡ್ತಾರೆ, ನೋವಿಲ್ಲ ಅಂತ ನೀವಾಗೇ ನಿಲ್ಲಿಸ್ಬೇಡಿ, ಹೊಟ್ಟೆ ಉರಿ ಬಂದ್ರೆ ಫೋನ್ ಮಾಡಿ ಕೇಳಿ. ಮೀನಖಂಡ ಊದಿ ನೋವಾದ್ರೆ, ಜ್ವರ ಬಂದ್ರೆ, ಗಾಯ ಸೋರಿದ್ರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ, ಉಸಿರು ಕಟ್ಟಿದಂಗಾದ್ರೆ ಒಂದು ನಿಮಿಷಾನೂ ಕಾಯದೆ ಎಮರ್ಜೆನ್ಸಿಗೆ ಹೋಗಿ. ಎಣ್ಣೆ ಹಚ್ಚಿ ನೀವಿಸ್ಕೋ ಅಂತ ಹೇಳೋ ದೊಡ್ಡಮ್ಮ ಎಲ್ಲರ ಮನೇಲೂ ಇರ್ತಾರೆ, ಅವರಿಗೆ ಕಾಫಿ ಕೊಟ್ಟು ಕಳಿಸಿ.

ನೆಲದ ಮೇಲೆ ಕೂರೋದು, ಪಂಕ್ತಿ ಊಟ, ಕುಕ್ಕರಗಾಲು ಎಲ್ಲ ಸದ್ಯಕ್ಕೆ ಮರೀರಿ, ಓಡೋದು ಮೂರು ನಾಲ್ಕು ತಿಂಗಳ ಮುಂಚೆ ಬೇಡ, ಆಟ ಅದಕ್ಕೂ ಆಮೇಲೆ. ನಂದು ಈಗ ಐದನೇ ತಿಂಗಳು, ಶಟಲ್ ಬ್ಯಾಟ್ ಇನ್ನೂ ಬೀರು ಮೇಲೇ ಇದೆ. ಆಪರೇಷನ್ ಆದ ಕಾಲೊಂದರಲ್ಲೇ ನಿಂತು, ಮಂಡಿ ಒಳಗಡೆ ವಾಲದ ಹಾಗೆ ಅರ್ಧ ಬಗ್ಗಿ ಹತ್ತು ಸಲ ಮಾಡಿ ತೋರ್ಸಿ, ಆಮೇಲೆ ಕೋರ್ಟಿಗೆ ಹೋಗೋ ಮಾತು ಅಂತ ಫಿಸಿಯೋ ಮೇಡಂ ಅಂದಿದಾರೆ, ನಿನ್ನೆ ಏಳು ಆಯ್ತು.