ದೋಸೆ ಭಟ್ಟರು ಬಿಟ್ಟು ಹೋಗದಂತೆ ಹೋಟೆಲ್ ನಡೆಸುವುದು ಹೇಗೆ?

ಗಿರಾಕಿಗಳು ನಮ್ಮ ಹೋಟೆಲಿಗೆ ಬರುವುದು ಗಲ್ಲಾದಲ್ಲಿ ಕುಳಿತ ನನ್ನ ಮುಖ ನೋಡಲು ಅಲ್ಲ, ಕಾವಲಿಯ ಮುಂದೆ ನಿಂತವರ ಕೈಗುಣಕ್ಕೆ. ಭಟ್ಟರು ಬದಲಾದರೆ ಎರಡೇ ದಿನಕ್ಕೆ, "ಏನಮ್ಮಾ, ಅವರು ಊರಿಗೆ ಹೋಗಿದ್ದಾರೆಯೇ?" ಎಂಬ ಪ್ರಶ್ನೆ ಬರುತ್ತದೆ. ಕೇಳುವವರ ಬಗ್ಗೆ ಚಿಂತೆಯಿಲ್ಲ. ಕೇಳದೆ ಎದುರಿನ ಹೋಟೆಲಿಗೆ ಹೋಗುವವರಿಂದ ನಷ್ಟ. ಹಾಗಾಗಿ ದರ್ಶಿನಿ ತೆರೆಯಲು ಹೊರಟವರು ಸಲಹೆ ಕೇಳಿದರೆ, ಮೇಜಿನ ಗ್ರಾನೈಟಿಗಿಂತ ಮೊದಲು ಕೆಲಸದವರ ಬಗ್ಗೆ ಯೋಚಿಸಿ ಎನ್ನುತ್ತೇನೆ.

ಸಂಬಳದ ತಾರೀಖು ತಪ್ಪಿಸಬೇಡಿ. ಇದನ್ನು ವಿವರಿಸುವ ಅಗತ್ಯವಿಲ್ಲ.

ಅಡುಗೆಮನೆಯಲ್ಲಿ ಅವರ ಮಾತು ನಡೆಯಬೇಕು. ಬೇಸಿಗೆಯಲ್ಲಿ ಬೆಳಗಿನ ಹಿಟ್ಟು ಹನ್ನೊಂದರ ಹೊತ್ತಿಗೆ ಹುಳಿ ತಿರುಗುತ್ತದೆ. ಭಟ್ಟರು ಬೆರಳಿಗೆ ಹಚ್ಚಿ ನೋಡಿ "ಇನ್ನು ದೋಸೆ ಬೇಡ" ಎಂದರೆ ಆ ಕ್ಷಣವೇ ಟೋಕನ್ ನಿಲ್ಲಿಸಿ. ಸರದಿಯಲ್ಲಿ ಹತ್ತು ಜನ ನಿಂತಿದ್ದರೂ ನಿಲ್ಲಿಸಿ. ಸಕ್ಕರೆ ಬೆರೆಸಿ ಸಾಗಹಾಕಿ ಎನ್ನುವ ಮಾಲೀಕರಿದ್ದಾರೆ. ಅಂಥ ಕಡೆ ಒಳ್ಳೆಯ ಕೈ ಹೆಚ್ಚು ದಿನ ನಿಲ್ಲುವುದಿಲ್ಲ. ತನ್ನ ಹೆಸರಿಗೆ ಮಸಿ ಬಳಿಯುವ ದೋಸೆಯನ್ನು ಯಾರು ತಾನೇ ಹಾಕಿಯಾರು? ನಮ್ಮ ಭಟ್ಟರು ದೋಸೆ ಬೇಡ ಎಂದ ದಿನ ಉಪ್ಪಿಟ್ಟು ಹೆಚ್ಚು ಮಾಡುತ್ತೇವೆ, ಅಷ್ಟೆ.

ರಜೆಯ ವಿಷಯ ಇನ್ನೂ ಸೂಕ್ಷ್ಮ. ಈಗ ಸಪ್ಲೈಯರ್, ಕ್ಲೀನರ್ ಕೆಲಸಕ್ಕೆ ಅಸ್ಸಾಂ, ಒಡಿಶಾದ ಹುಡುಗರೇ ಹೆಚ್ಚು. ಏಪ್ರಿಲ್ ಮಧ್ಯದಲ್ಲಿ ಬರುವ ಅಸ್ಸಾಮಿನ ಬಿಹು ಹಬ್ಬಕ್ಕೆ ಊರಿಗೆ ಹೋಗಬೇಕಾದವನಿಗೆ ಏಪ್ರಿಲ್ ಮೊದಲ ವಾರದಲ್ಲಿ "ಆಯಿತು, ಹೋಗು" ಎಂದರೆ ಪ್ರಯೋಜನವಿಲ್ಲ. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಆದ್ದರಿಂದ ರಜೆಯನ್ನು ಫೆಬ್ರವರಿಯಲ್ಲೇ ಗೊತ್ತುಮಾಡಿ, ಟಿಕೆಟ್ ನೀವೇ ಮಾಡಿಸಿಕೊಡಿ. ಬರುವ ಟಿಕೆಟನ್ನೂ ಸೇರಿಸಿ! ಹಬ್ಬಗಳ ಪಟ್ಟಿಯಲ್ಲಿ ಯುಗಾದಿ, ದೀಪಾವಳಿಯ ಜೊತೆ ಅವರ ಹಬ್ಬವೂ ಇರಲಿ.

ಹತ್ತು ಜನ ಕೆಲಸಗಾರರಾದರೆ, ಅವರಿಗೂ ಮನೆಯವರಿಗೂ ಚಿಕಿತ್ಸೆ ಸಿಗುವ ಸರ್ಕಾರಿ ವಿಮೆಯಾದ ಇಎಸ್‌ಐ ಮಾಡಿಸಬೇಕು. 21,000 ರೂಪಾಯಿಯವರೆಗಿನ ಸಂಬಳಕ್ಕೆ ಮಾಲೀಕರ ಪಾಲು ಶೇ. 3.25, ಕೆಲಸಗಾರರದು ಶೇ. 0.75. ಅಂದರೆ 15,000 ಸಂಬಳಕ್ಕೆ ನಮ್ಮ ಕೈಯಿಂದ ಹೋಗುವುದು 490ರ ಒಳಗೆ. ಇದನ್ನು ದಂಡವೆಂದು ಗೊಣಗುವವರು, ಹೊಸಬರಿಗೆ ಕೆಲಸ ಕಲಿಸುವ ಹೊತ್ತಿನಲ್ಲಿ ಹಾಳಾಗುವ ಹಿಟ್ಟು, ಎಣ್ಣೆಯ ಲೆಕ್ಕ ಹಾಕಲಿ. ಆದರೆ ನೋಂದಾಯಿಸಿ ಕೈತೊಳೆದುಕೊಳ್ಳಬೇಡಿ. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಯರ ಹೆಸರು ಸೇರಿದೆಯೇ ಎಂದು ಪಕ್ಕದಲ್ಲಿ ಕುಳಿತು ನೋಡಿ. ಹೆಸರಿಲ್ಲ ಎಂಬುದು ಆಸ್ಪತ್ರೆಯ ಕಿಟಕಿಯ ಮುಂದೆ ತಿಳಿಯುವಂತಾಗಬಾರದು.

ಬೈಗುಳ ಗಿರಾಕಿಗಳ ಎದುರು ಖಂಡಿತ ಬೇಡ. ಲೋಟ ಒಡೆದರೆ ಸಂಬಳದಲ್ಲಿ ಮುರಿಯುವುದೂ ಬೇಡ. ಹನ್ನೊಂದೂವರೆಗೆ ಎಲ್ಲರೂ ಕುಳಿತು ಬಿಸಿ ಊಟ ಮಾಡಲಿ, ಉಳಿದ ಇಡ್ಲಿಯನ್ನಲ್ಲ.

ಹೋಟೆಲ್ ನಿಲ್ಲುವುದು ಕೆಲಸದವರಿಂದ ಎಂಬ ಮಾತನ್ನು ತುದಿಯವರೆಗೆ ಒಯ್ದವರೂ ಇದ್ದಾರೆ. ಕೇಂದ್ರ ಸರ್ಕಾರದ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸಲು ನಿಂತರು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಕೈತಪ್ಪಿದಾಗ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಬಾಗಿಲು ತೆರೆದರು. ಹೋಟೆಲನ್ನೇ ಬಿಟ್ಟುಕೊಡುವಷ್ಟು ಉದಾರಿ ನಾನಲ್ಲ. ಆದರೆ ತಿಂಗಳ ವ್ಯಾಪಾರ ಎಷ್ಟಾಯಿತು ಎಂದು ಅಡುಗೆಮನೆಯಲ್ಲಿ ಹೇಳುತ್ತೇನೆ. ಹೆಚ್ಚಾದ ತಿಂಗಳು ಕೈಗೆ ಸ್ವಲ್ಪ ಹೆಚ್ಚು ಕೊಡುತ್ತೇನೆ.

ಇಷ್ಟಾದರೂ ಕೆಲವರು ಹೋಗುತ್ತಾರೆ. ಹೊರಟ ದಿನವೇ ಲೆಕ್ಕ ಚುಕ್ತಾ ಮಾಡಿ, ಬಾಕಿ ಇಟ್ಟುಕೊಂಡು ಓಡಾಡಿಸಬೇಡಿ. ಮುಂದಿನ ಹುಡುಗ ಬರುವುದು ಬಹುತೇಕ ಅವರ ಊರಿನಿಂದಲೇ, ಅವರನ್ನು ವಿಚಾರಿಸಿಕೊಂಡೇ.