32 ಬಿಟ್‌ನಿಂದ 64 ಬಿಟ್‌ಗೆ: ಇಂಟಿಜರ್ ಟೈಪ್‌ಗಳನ್ನು ನಾನು ಸರಿಮಾಡಿದ ಬಗೆ

ಒಂದು ಡೇಟಾ ಲಾಗರ್‌ನ ಕೋಡ್ ನನ್ನ ಕೈಯಲ್ಲಿತ್ತು. ಸಿ ಭಾಷೆಯಲ್ಲಿ ಬರೆದದ್ದು, 32 ಬಿಟ್ ಆರ್ಮ್ ಬೋರ್ಡ್, ಅದರ ಮೇಲೆ ಲಿನಕ್ಸ್. ಸೆನ್ಸರ್ ಓದುವುದು, ಒಂದು ಸ್ಟ್ರಕ್ಟ್‌ಗೆ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಗುಂಪಿಗೆ) ತುಂಬುವುದು, ಆ ಸ್ಟ್ರಕ್ಟನ್ನು ಇದ್ದ ಹಾಗೇ ಫೈಲ್‌ಗೆ ಬರೆಯುವುದು, ಇಷ್ಟೇ ಕೆಲಸ. ವರ್ಷಗಟ್ಟಲೆ ತೊಂದರೆ ಇಲ್ಲದೆ ನಡೆಯಿತು. ಆಮೇಲೆ 64 ಬಿಟ್ ಬೋರ್ಡ್ ಬಂತು. ಒಂದೂ ವಾರ್ನಿಂಗ್ ಇಲ್ಲದೆ ಕಂಪೈಲ್ ಆಯಿತು, ಓಡಿತು ಕೂಡ. ಆದರೆ ಹಳೆ ಫೈಲ್ ತೆರೆದರೆ ಮೊದಲ ರೆಕಾರ್ಡೇ ಅಡ್ಡಾದಿಡ್ಡಿ.

ಸ್ಟ್ರಕ್ಟ್‌ನಲ್ಲಿ ಮೂರೇ ಫೀಲ್ಡ್: 16 ಬಿಟ್‌ನ ಐಡಿ, ಸಮಯಕ್ಕೆ ಒಂದು ಅನ್‌ಸೈನ್ಡ್ ಲಾಂಗ್, ರೀಡಿಂಗ್‌ಗೆ ಒಂದು ಇಂಟ್. ಇಂಟ್, ಲಾಂಗ್ ಎರಡೂ ಪೂರ್ಣಾಂಕ ಇಡುವ ಟೈಪ್‌ಗಳು; ಸೈನ್ಡ್ ಅಂದರೆ ನೆಗೆಟಿವ್ ಸಂಖ್ಯೆಯೂ ಹಿಡಿಯುವುದು, ಅನ್‌ಸೈನ್ಡ್ ಅಂದರೆ ಹಿಡಿಯದ್ದು. 32 ಬಿಟ್‌ನಲ್ಲಿ ಇದು 12 ಬೈಟ್. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್ ಆಗುತ್ತದೆ, ಅದನ್ನು 8ರ ಗಡಿಯಲ್ಲಿ (8ರಿಂದ ಭಾಗವಾಗುವ ಜಾಗದಲ್ಲಿ) ಕೂರಿಸಲು ಕಂಪೈಲರ್ ಮುಂದೆ 6 ಬೈಟ್ ಖಾಲಿ ಬಿಡುತ್ತದೆ, ಕೊನೆಯಲ್ಲಿ ಇನ್ನೊಂದು 4 ಸೇರಿಸುತ್ತದೆ, ಒಟ್ಟು 24. ಒಂದು ಅಕ್ಷರ ಬದಲಾಯಿಸದೆ ರೆಕಾರ್ಡ್ ಎರಡರಷ್ಟಾಗಿತ್ತು.

ಸಿ ಸ್ಟ್ಯಾಂಡರ್ಡ್ ಮಾತು ಕೊಡುವುದು ಕನಿಷ್ಠ ಅಳತೆಗೆ ಮಾತ್ರ. ಇಂಟ್ ಕಡೇಪಕ್ಷ 16 ಬಿಟ್, ಲಾಂಗ್ 32, ಲಾಂಗ್ ಲಾಂಗ್ 64. ಎವಿಆರ್ ತರಹದ ಸಣ್ಣ ಚಿಪ್‌ನಲ್ಲಿ ಇಂಟ್ ಇವತ್ತಿಗೂ 16 ಬಿಟ್ಟೇ. 64 ಬಿಟ್ ಯಂತ್ರಗಳಲ್ಲೂ ಒಮ್ಮತ ಇಲ್ಲ: ಲಿನಕ್ಸ್, ಮ್ಯಾಕ್‌ನಲ್ಲಿ ಲಾಂಗ್ 64 ಬಿಟ್, ವಿಂಡೋಸ್‌ನಲ್ಲಿ 32.

ಮೊದಲು ನಾನು ಮಾಡಿದ್ದು ತಪ್ಪು. ಎಡಿಟರ್‌ನಲ್ಲಿ ಹುಡುಕಿ ಎಲ್ಲ ಲಾಂಗ್‌ಗಳನ್ನೂ ಯುಇಂಟ್32_ಟಿ (32 ಬಿಟ್‌ನ ಅನ್‌ಸೈನ್ಡ್ ಟೈಪ್) ಮಾಡಿಬಿಟ್ಟೆ. ಕೆಲವು ಕಡೆ ಪಾಯಿಂಟರನ್ನು (ಮೆಮೊರಿಯ ಅಡ್ರೆಸ್ಸನ್ನು) ಲಾಂಗ್‌ನಲ್ಲಿ ಇಟ್ಟಿದ್ದರು, ಅಲ್ಲಿ ಅಡ್ರೆಸ್‌ನ ಮೇಲಿನ ಅರ್ಧ ಕತ್ತರಿಸಿಹೋಯಿತು. ಒಂದು ಲೂಪ್ ಸೊನ್ನೆಯವರೆಗೆ ಇಳಿಯುತ್ತಿತ್ತು, ಅನ್‌ಸೈನ್ಡ್ ಆದಮೇಲೆ ಅದು ಸೊನ್ನೆಗಿಂತ ಕೆಳಗೆ ಹೋಗುವುದೇ ಇಲ್ಲ, ಹಾಗಾಗಿ ನಿಲ್ಲಲೇ ಇಲ್ಲ. ಎರಡು ದಿನದ ಕೆಲಸ ಹಿಂದಕ್ಕೆ ತೆಗೆದೆ.

ಆಮೇಲೆ ಕೋಡನ್ನು ಬೇರೆ ಥರ ನೋಡಿದೆ. ಒಂದು ಸಂಖ್ಯೆ ಪ್ರೋಗ್ರಾಮ್‌ನಿಂದ ಹೊರಗೆ ಹೋಗುವುದು ಎಲ್ಲಿ? ಫೈಲ್, ನೆಟ್‌ವರ್ಕ್ ಪ್ಯಾಕೆಟ್, ಹಾರ್ಡ್‌ವೇರ್ ರಿಜಿಸ್ಟರ್, ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಹೋಗುವ ಐಆಕ್ಟಲ್ ಕರೆ. ಈ ನಾಲ್ಕು ಬಾಗಿಲಲ್ಲಿ ಮಾತ್ರ ಅಗಲ ಗೊತ್ತುಮಾಡಿದ ಟೈಪ್ ಬಳಸಿದೆ. ಇವೆಲ್ಲ 1999ರ ಸಿ ಸ್ಟ್ಯಾಂಡರ್ಡ್‌ನಿಂದಲೇ ಸಿಗುತ್ತವೆ, ಹೊಸದೇನೂ ಅಲ್ಲ. ಒಳಗಿನ ಲೆಕ್ಕಕ್ಕೆ ಸುಮ್ನೆ ಇಂಟ್, ಮೆಮೊರಿಯ ಅಳತೆಗೆ ಸೈಜ್_ಟಿ, ಅಡ್ರೆಸ್ಸನ್ನು ಸಂಖ್ಯೆಯಾಗಿ ಇಡಲೇಬೇಕಾದರೆ ಯುಇಂಟ್‌ಪಿಟಿಆರ್_ಟಿ. ಎಲ್ಲ ಕಡೆ 32, 64 ಅಂತ ಬರೆಯುವುದನ್ನು ಕೆಲವರು ಶಿಸ್ತು ಅಂತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎಲ್ಲ ಕಡೆ ಬರೆದರೆ ನಿಜವಾಗಿ ಅಗಲ ಮುಖ್ಯವಾದ ಜಾಗ ಕಣ್ಣಿಗೆ ಬೀಳುವುದಿಲ್ಲ.

ಅಗಲ ಗೊತ್ತುಮಾಡಿದರೂ ಸ್ಟ್ರಕ್ಟ್ ಒಂದೇ ಅಳತೆಗೆ ಬರುವುದಿಲ್ಲ, ಇದು ನನಗೆ ತಡವಾಗಿ ಗೊತ್ತಾಯಿತು. ಒಂದು ಯುಇಂಟ್32_ಟಿ, ಅದರ ಹಿಂದೆ ಒಂದು ಯುಇಂಟ್64_ಟಿ. ಆರ್ಮ್‌ನಲ್ಲೂ 64 ಬಿಟ್ ಎಕ್ಸ್86ನಲ್ಲೂ ಇದು 16 ಬೈಟ್. 32 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ 12, ಯಾಕೆಂದರೆ ಅಲ್ಲಿ ಸ್ಟ್ರಕ್ಟ್ ಒಳಗೆ 64 ಬಿಟ್ ಸಂಖ್ಯೆ 4ರ ಗಡಿಯಲ್ಲೇ ಕೂರುತ್ತದೆ. ಪ್ಯಾಕ್ಡ್ (ಮಧ್ಯೆ ಖಾಲಿ ಬಿಡಬೇಡ) ಅಂತ ಹಾಕಿದರೆ ಮುಗಿಯಿತಲ್ವಾ ಅನ್ನಿಸುತ್ತದೆ. ಆದರೆ ಹಾಗೆ ಮಾಡಿದ ಫೀಲ್ಡ್‌ನ ಅಡ್ರೆಸ್ ತೆಗೆದು ಬೇರೆ ಫಂಕ್ಷನ್‌ಗೆ ಕೊಟ್ಟರೆ, ಕೆಲವು ಪ್ರೊಸೆಸರ್‌ಗಳಲ್ಲಿ ಅಲ್ಲೇ ಫಾಲ್ಟ್ ಬರುತ್ತದೆ. ಹಾಗಾಗಿ ದೊಡ್ಡ ಫೀಲ್ಡ್ ಮೊದಲು, ಸಣ್ಣದು ಆಮೇಲೆ ಅಂತ ಜೋಡಿಸಿದೆ: 8 ಬೈಟ್ ಸಮಯ, 4 ಬೈಟ್ ರೀಡಿಂಗ್, 2 ಬೈಟ್ ಐಡಿ, ಜೊತೆಗೆ ಹೊಸದಾಗಿ ಸೇರಿಸಿದ 1 ಬೈಟ್ ಆವೃತ್ತಿ, 1 ಬೈಟ್ ತಾಪಮಾನ. ಸರಿಯಾಗಿ 16, ಎಲ್ಲೂ ತೂತಿಲ್ಲ. ಪಾಹೋಲ್ ಅನ್ನುವ ಟೂಲ್ ಈ ತೂತುಗಳನ್ನು ಸಾಲುಸಾಲಾಗಿ ತೋರಿಸುತ್ತದೆ. ಕೆಳಗೆ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿ ಒಟ್ಟು ಅಳತೆಯನ್ನೂ ಪ್ರತಿ ಫೀಲ್ಡ್‌ನ ಆಫ್‌ಸೆಟ್ಟನ್ನೂ (ಶುರುವಿನಿಂದ ಎಷ್ಟು ಬೈಟ್ ದೂರ ಅನ್ನುವುದನ್ನೂ) ಕಟ್ಟಿಹಾಕಿದೆ. ಇನ್ನು ತಪ್ಪಿದರೆ ಕಂಪೈಲ್ ಆಗುವುದೇ ಇಲ್ಲ.

ಆ ತಾಪಮಾನದ ಬೈಟ್ ಮೊದಲು ಬರೀ ಚಾರ್ (ಒಂದು ಬೈಟ್‌ನ ಅಕ್ಷರದ ಟೈಪ್) ಆಗಿತ್ತು. ನನ್ನ ಎಕ್ಸ್86 ಪಿಸಿಯಲ್ಲಿ ಟೆಸ್ಟ್ ಎಲ್ಲ ಪಾಸ್. ಬೋರ್ಡ್‌ನಲ್ಲಿ ಮೈನಸ್ 5 ಡಿಗ್ರಿ 251 ಅಂತ ಬರುತ್ತಿತ್ತು! ಎಕ್ಸ್86ನಲ್ಲಿ ಚಾರ್ ಸೈನ್ಡ್, ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಲಿನಕ್ಸ್ ಕರ್ನಲ್‌ನವರು 6.2ನೇ ಆವೃತ್ತಿಯಿಂದ ಎಲ್ಲ ಪ್ರೊಸೆಸರ್‌ಗೂ ಚಾರ್ ಅನ್‌ಸೈನ್ಡ್ ಅಂತಲೇ ಕಂಪೈಲ್ ಮಾಡುತ್ತಾರೆ. ನಾನು ಈಗ ಚಾರ್ ಇಡುವುದು ಅಕ್ಷರಕ್ಕೆ ಮಾತ್ರ, ಸಂಖ್ಯೆಗೆ ಇಂಟ್8_ಟಿ ಅಥವಾ ಯುಇಂಟ್8_ಟಿ.

ಹೆಚ್ಚು ಕಾಡಿದ್ದು ಶಿಫ್ಟ್, ಅಂದರೆ ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವುದು. ನಾಲ್ಕು ಬೈಟ್ ಸೇರಿಸಿ ಒಂದು ಅಡ್ರೆಸ್ ಮಾಡುವ ಸಾಲಿತ್ತು, ಕೊನೆಯ ಬೈಟನ್ನು 24 ಬಿಟ್ ಎಡಕ್ಕೆ ತಳ್ಳಿ ಅನ್‌ಸೈನ್ಡ್ ಲಾಂಗ್‌ಗೆ ಹಾಕುವುದು. ಯುಇಂಟ್8_ಟಿ ಲೆಕ್ಕಕ್ಕೆ ಬಂದ ಕೂಡಲೇ ಸೈನ್ಡ್ ಇಂಟ್ ಆಗಿಬಿಡುತ್ತದೆ. ಆ ಬೈಟ್ 128 ಅಥವಾ ಜಾಸ್ತಿ ಇದ್ದರೆ ಫಲಿತಾಂಶ ನೆಗೆಟಿವ್. 32 ಬಿಟ್‌ನಲ್ಲಿ ಏನೂ ಕಾಣುವುದಿಲ್ಲ, ಅದೇ 32 ಬಿಟ್‌ಗಳು ಉಳಿಯುತ್ತವೆ. 64 ಬಿಟ್‌ನಲ್ಲಿ ಮೇಲಿನ 32 ಬಿಟ್‌ಗಳೆಲ್ಲ 1 ಆಗಿಬಿಡುತ್ತವೆ. ಇದನ್ನು ಹಿಡಿಯಲು ಮೂರು ದಿನ ಬೇಕಾಯಿತು, ಯಾಕೆಂದರೆ ಆ ಬೈಟ್ ದೊಡ್ಡದಿದ್ದಾಗ ಮಾತ್ರ ತಪ್ಪು ಬರುತ್ತಿತ್ತು. ಶಿಫ್ಟ್‌ಗೆ ಮೊದಲೇ ಯುಇಂಟ್32_ಟಿಗೆ ಕ್ಯಾಸ್ಟ್ ಮಾಡಿದೆ (ಟೈಪ್ ಬದಲಾಯಿಸಿದೆ), ಸರಿಹೋಯಿತು. ಕನ್ವರ್ಷನ್, ಸೈನ್ ಕನ್ವರ್ಷನ್ ವಾರ್ನಿಂಗ್‌ಗಳನ್ನು ಆನ್ ಮಾಡಿದ್ದೂ ಆವಾಗಲೇ. ನೂರಾರು ಬಂದವು, ಒಂದೊಂದನ್ನೂ ಕೂತು ಓದಿದೆ. ಸುಮ್ಮನಾಗಿಸಲು ಕ್ಯಾಸ್ಟ್ ಹಾಕಬೇಡಿ ದಯವಿಟ್ಟು, ಅದರಿಂದ ತಪ್ಪು ಇನ್ನೂ ಒಳಗೆ ಹೋಗಿ ಕೂರುತ್ತದೆ.

ಸಂಖ್ಯೆಯನ್ನು ತೆರೆಗೆ ಬರೆಯುವ ಪ್ರಿಂಟ್‌ಎಫ್ ವಿಚಾರ ಚಿಕ್ಕದು. ಯುಇಂಟ್64_ಟಿ 64 ಬಿಟ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್ ಲಾಂಗ್, 32 ಬಿಟ್‌ನಲ್ಲಿ ಅನ್‌ಸೈನ್ಡ್ ಲಾಂಗ್ ಲಾಂಗ್, ಹಾಗಾಗಿ ಒಂದೇ ಫಾರ್ಮ್ಯಾಟ್ ಎರಡೂ ಕಡೆ ಹೊಂದುವುದಿಲ್ಲ. ಇಂಟ್‌ಟೈಪ್ಸ್ ಹೆಡರ್‌ನ ಮ್ಯಾಕ್ರೋಗಳನ್ನೇ ಬಳಸಿ, ನೋಡಲು ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ.

ಈಗ ಪ್ರತಿ ಬದಲಾವಣೆಗೂ ನಾಲ್ಕು ಬಿಲ್ಡ್ ಓಡುತ್ತವೆ: 32 ಮತ್ತು 64 ಬಿಟ್ ಆರ್ಮ್, 64 ಬಿಟ್ ಎಕ್ಸ್86, ಜೊತೆಗೆ ಕ್ಯೂಎಮು ಅನ್ನುವ ಎಮ್ಯುಲೇಟರ್ ಮೇಲೆ ಒಂದು ಬಿಗ್ ಎಂಡಿಯನ್ (ದೊಡ್ಡ ಬೈಟ್ ಮೊದಲು ಇಡುವ) ಮಿಪ್ಸ್ ಪ್ರೊಸೆಸರ್. ಆ ಕೊನೆಯದರಲ್ಲಿ ಬೈಟ್‌ಗಳ ಕ್ರಮ ತಿರುಗಾಮುರುಗಾ, ಹಾಗಾಗಿ ಸ್ಟ್ರಕ್ಟನ್ನು ನೇರವಾಗಿ ಫೈಲ್‌ಗೆ ಬರೆಯುವುದನ್ನೇ ಬಿಟ್ಟು ಒಂದೊಂದು ಬೈಟಾಗಿ ಬರೆಯುವ, ಓದುವ ಎರಡು ಫಂಕ್ಷನ್ ಮಾಡಿದೆ. ಹಳೆ 12 ಬೈಟ್ ಫೈಲ್‌ಗಳಿಗೂ ಒಂದು ರೀಡರ್ ಬರೆದೆ, ಅವೆಲ್ಲ ಈಗ ಸರಿಯಾಗಿ ತೆರೆಯುತ್ತವೆ. ಸಮಯಕ್ಕೆ ಇಂಟ್64_ಟಿ ಇಟ್ಟದ್ದು ಬೇಕಂತಲೇ. ಸೈನ್ಡ್ 32 ಬಿಟ್‌ನಲ್ಲಿ ಸೆಕೆಂಡ್ ಎಣಿಸಿದರೆ ಅದು 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ, ಈ ಬೋರ್ಡ್‌ಗಳಲ್ಲಿ ಕೆಲವಾದರೂ ಆವತ್ತು ಓಡುತ್ತಿರುತ್ತವೆ.