ಕಾಸರಗೋಡಿಗೆ ಹೊಸದಾಗಿ ಬಂದವರಿಗೆ: ತೀರ್ವೆ, ಮನೆ ತೆರಿಗೆ, ಜಪ್ತಿ ನೋಟಿಸು

ಕರ್ನಾಟಕದಿಂದ ಬಂದು ಕಾಸರಗೋಡು, ಮಂಜೇಶ್ವರ ಕಡೆ ಮನೆ ತೆಗೆದುಕೊಂಡಿದ್ದೀರಾ? ಅಥವಾ ಇಲ್ಲಿನ ಅಜ್ಜನ ಮನೆ ನಿಮ್ಮ ಪಾಲಿಗೆ ಬಂದಿದೆಯಾ? ಹಾಗಿದ್ದರೆ ಮೊದಲು ಇದನ್ನು ತಿಳಿದುಕೊಳ್ಳಿ. ಜಾಗದ ತೀರ್ವೆ, ಅಂದರೆ ಭೂಕಂದಾಯ, ಕಟ್ಟುವುದು ವಿಲೇಜ್ ಆಫೀಸಿಗೆ. ಮನೆಯ ಕಟ್ಟಡ ತೆರಿಗೆ ಪಂಚಾಯತಿಗೆ ಅಥವಾ ನಗರಸಭೆಗೆ. ಒಂದನ್ನು ಕಟ್ಟಿದರೆ ಇನ್ನೊಂದು ಮುಗಿಯುವುದಿಲ್ಲ. ಎರಡನ್ನೂ ಆನ್‌ಲೈನ್‌ನಲ್ಲೇ ಕಟ್ಟಬಹುದು. ಬಾರದಿದ್ದರೆ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ.

ಇಲ್ಲಿ ಪಹಣಿ ಹುಡುಕಬೇಡಿ. ವಿಲೇಜ್ ಆಫೀಸಿನಲ್ಲಿ ನಿಮ್ಮ ಜಾಗವನ್ನು ಗುರುತಿಸುವುದು ತಂಡಪೇರು ನಂಬರಿನಿಂದ, ಅಂದರೆ ಮಾಲೀಕರ ಹೆಸರಿನ ಜಾಗದ ಖಾತೆ ನಂಬರಿನಿಂದ. ರಿಜಿಸ್ಟ್ರಿ ಆದ ಮಾತ್ರಕ್ಕೆ ಅಲ್ಲಿ ಹೆಸರು ಬದಲಾಯಿತು ಅಂದುಕೊಳ್ಳಬೇಡಿ. ಪೋಕುವರವು, ಅಂದರೆ ನಮ್ಮ ಖಾತೆ ಬದಲಾವಣೆ, ಆಗಿದೆಯಾ ಎಂದು ನೋಡಿಯೇ ಬನ್ನಿ. ಪಂಚಾಯತಿ ಪುಸ್ತಕದಲ್ಲಿ ಮನೆಯ ಮಾಲೀಕರ ಹೆಸರನ್ನು ಬೇರೆಯಾಗಿ ಬದಲಾಯಿಸಬೇಕು. ಮನೆ ಕೈತಪ್ಪುವ ದಾರಿ ಶುರುವಾಗುವುದು ಬಹಳ ಸಲ ಇಲ್ಲಿಂದಲೇ. ದಾಖಲೆಯಲ್ಲಿ ತೀರಿಕೊಂಡ ಅಜ್ಜನ ಹೆಸರು, ಒಳಗೆ ಇರುವುದು ವಯಸ್ಸಾದ ಅತ್ತೆ ಒಬ್ಬರೇ, ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ. ನೋಟಿಸು ಅಜ್ಜನ ಹೆಸರಿಗೆ ಬರುತ್ತದೆ, ಯಾರೂ ಒಡೆದು ನೋಡುವುದಿಲ್ಲ. ಸಣ್ಣ ಬಾಕಿ ದಂಡ ಸೇರಿಸಿಕೊಂಡು ಬೆಳೆಯುತ್ತದೆ.

ಚಿಕ್ಕ ಮನೆಯವರು ವಿನಾಯಿತಿ ಕೇಳಿ. 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿವರೆಗಿನ ಸ್ವಂತ ವಾಸದ ಮನೆಗೆ 2023ರ ಏಪ್ರಿಲ್‌ನಿಂದ ಕಟ್ಟಡ ತೆರಿಗೆ ಇಲ್ಲ. ಒಬ್ಬರಿಗೆ ಒಂದೇ ಮನೆಗೆ ಇದು ಸಿಗುತ್ತದೆ. ಫ್ಲ್ಯಾಟು, ವಿಲ್ಲಾಗಳಿಗೆ ಇಲ್ಲ. ಅರ್ಹರಾಗಿದ್ದೂ ಸುಮ್ನೆ ಕಟ್ಟುತ್ತಿರುವವರು ಇದ್ದಾರೆ ಎನ್ನುವುದೇ ನನಗೆ ಬೇಸರ. ಅಳತೆ ತಪ್ಪಾಗಿ ಬರೆದಿದ್ದರೆ ಪಂಚಾಯತಿ ಕಾರ್ಯದರ್ಶಿಗೆ ಬರೆದು ಕೊಡಿ.

ಬಾಕಿ ಬೆಳೆದರೆ ಮುಂದಿನದು ರೆವಿನ್ಯೂ ರಿಕವರಿ, ಅಂದರೆ ಸರ್ಕಾರ ಬಾಕಿ ವಸೂಲು ಮಾಡುವ ಕ್ರಮ. ಜನ ‘ಆರ್‌ಆರ್ ಬಂತು’ ಅನ್ನುತ್ತಾರೆ. ಇದಕ್ಕೆ 1968ರ ಕೇರಳ ಕಾನೂನು ಇದೆ. ಮೊದಲು ಡಿಮಾಂಡ್ ನೋಟಿಸು, ಆಮೇಲೆ ಜಪ್ತಿ, ಕೊನೆಗೆ ಏಲಂ, ಅಂದರೆ ಹರಾಜು. ಒಂದೇ ದಿನದಲ್ಲಿ ಯಾರೂ ಬೀಗ ಹಾಕುವುದಿಲ್ಲ, ಹೆದರಬೇಡಿ. ಆದರೆ ಮೊದಲ ಕಾಗದಕ್ಕೇ ತಾಲೂಕು ಆಫೀಸಿಗೆ ಹೋಗಿ, ಕಂತಿನಲ್ಲಿ ಕಟ್ಟುತ್ತೇನೆ ಎಂದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿ ಮಾತು ಸಾಲದು.

ಬ್ಯಾಂಕ್ ಸಾಲದ ನೋಟಿಸು ಬೇರೆ. ಅದು ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಬಹುದಾದ 2002ರ ಸರ್ಫೇಸಿ ಕಾನೂನಿನದ್ದಾಗಿದ್ದರೆ ತೀರಿಸಲು 60 ದಿನ ಇರುತ್ತದೆ. ಆ ದಿನಗಳಲ್ಲಿ ನೀವು ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. ಕೃಷಿ ಭೂಮಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಅಡಿಕೆ ತೋಟ ಅಡವಿಟ್ಟವರು ವಕೀಲರ ಹತ್ತಿರ ಈ ಮಾತು ಎತ್ತಲೇಬೇಕು.

ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ವಿದ್ಯಾನಗರದ ಕೋರ್ಟ್ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಬೇರೆಯವರಿಗೆ ಆದಾಯದ ಮಿತಿ ಇದೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಸಾಲಕ್ಕೆ ಸರ್ಕಾರ ಹಿಂದೆ ಜಪ್ತಿ ತಡೆ ಕೊಟ್ಟದ್ದುಂಟು. ಅಂಥ ಮನೆಯವರು ಈಗಿನ ಆದೇಶವನ್ನು ಕಲೆಕ್ಟರೇಟಿನಲ್ಲಿ ಕೇಳಲಿ.

ಮಲಯಾಳಂ ಬರುವುದಿಲ್ಲ ಎಂದು ಕಾಗದವನ್ನು ಬದಿಗಿಡುವುದು ದೊಡ್ಡ ಅಪಾಯ. ಸಂವಿಧಾನದ 350ನೇ ವಿಧಿಯಂತೆ ಕನ್ನಡದಲ್ಲೇ ಅಹವಾಲು ಬರೆದು ಕೊಡಬಹುದು. ಕೇರಳದ 1969ರ ಭಾಷಾ ಕಾನೂನೂ ಇಲ್ಲಿನ ಕನ್ನಡಿಗರ ಈ ಹಕ್ಕನ್ನು ಒಪ್ಪಿಕೊಂಡಿದೆ. ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನಿದೆ ಎಂದು ಓದಿಸಿಕೊಳ್ಳಿ. ನೆರೆಮನೆಯಲ್ಲಿ ಒಂಟಿ ಅಜ್ಜಿ ಇದ್ದರೆ ಅವರ ರಶೀದಿಗಳನ್ನೂ ಒಂದು ಸಲ ನೋಡಿ ಕೊಡಿ. ಕೊನೆಯ ರಶೀದಿ ಯಾವ ವರ್ಷದ್ದು, ಯಾರ ಹೆಸರಿನದ್ದು ಎಂದು ನೋಡಿದರೆ ಸಾಕು, ವಿಲೇಜ್ ಆಫೀಸಿಗೆ ಹೋಗಬೇಕೋ ಬೇಡವೋ ಗೊತ್ತಾಗುತ್ತದೆ.